ಎದೆಯ ಮೇಲೆ ಇಳಿದ ಚೆಂಡು

ಚೆಂಡು ಎದೆಯ ಎತ್ತರಕ್ಕೆ ಬಂದಾಗ ಮೈಯನ್ನು ಓರೆಗೆ ತಿರುಗಿಸಿಕೊಳ್ಳುವುದನ್ನು ಷಡಕ್ಷರಿಗೆ ಕಲಿಸಿದವರು ಅವನ ತಾಯಿ ವೀರಬಸಮ್ಮ. ಆಕೆ ತಮ್ಮ ಜೀವಮಾನದಲ್ಲಿ ಒಂದು ಕಾಲ್ಚೆಂಡಿನ ಆಟವನ್ನೂ ನೋಡಿದವರಲ್ಲ. ನರಸಿಂಹರಾಜಪುರದ ಪೇಟೆಯಲ್ಲಿ ಮಂಡಕ್ಕಿ, ಬೆಲ್ಲ, ಹುರಿಗಡಲೆಗಳ ಸಣ್ಣ ಅಂಗಡಿಯಿಟ್ಟುಕೊಂಡು, ಗಂಡ ತೀರಿಹೋದ ಸಂಸಾರವನ್ನು ತೂಗಿಸುತ್ತಿದ್ದ ಆಕೆಗೆ, ಮಗ ಸಂಜೆಯಾದರೆ ಸಣ್ಣ ಟ್ರಾಮ್ ರೈಲಿನ ನಿಲ್ದಾಣದ ಹಿಂದಿನ ಬಯಲಿನಲ್ಲಿ ಚರ್ಮದ ಚೆಂಡನ್ನು ಒದೆಯುತ್ತಾನೆಂಬುದಷ್ಟೇ ಗೊತ್ತಿತ್ತು. ಒಂದು ದಿನ ಸ್ನಾನದ ಹೊತ್ತಿನಲ್ಲಿ ಅವನ ಎದೆಯ ಮೇಲೆ ಕೆಂಪಗೆ ಕಂದಿದ ಗುರುತು ಕಂಡಿತು. ಕೊರಳಿನ ಶಿವದಾರದಲ್ಲಿ ತೂಗುತ್ತಿದ್ದ ಬೆಳ್ಳಿಯ ಕರಡಿಗೆಯ ಅಂಚು ಒತ್ತಿದ ಗುರುತು ಅದು. ಕರಡಿಗೆಯೊಳಗೆ ಗುರುಗಳು ಕಟ್ಟಿದ, ಉಸಿರಿರುವವರೆಗೆ ಮೈಯಿಂದ ಅಗಲಿಸಬಾರದ ಇಷ್ಟಲಿಂಗ.

"ಕಾಲಿದೆ, ತಲೆ ಇದೆ, ಅದ್ರಲ್ಲಿ ಆಡ್ಕೋ," ಎಂದರು ವೀರಬಸಮ್ಮ. "ಎದೆ ನಿಂದಲ್ಲ, ಸ್ವಾಮಿದು. ಇನ್ನೊಂದು ಸಲ ಅಲ್ಲಿಗೆ ಚೆಂಡು ತಾಗಿದ್ದು ಕಂಡ್ರೆ ಒಲೆಗೆ ಹಾಕ್ತೀನಿ ನೋಡು."

"ನನ್ನನ್ನೋ, ಚೆಂಡನ್ನೋ?"

"ಯಾವ್ದು ಮೊದಲು ಕೈಗೆ ಸಿಗುತ್ತೋ ಅದನ್ನ."

ಅಂದಿನಿಂದ ಷಡಕ್ಷರಿ ಓರೆಯಾಗಿ ಆಡಲು ಕಲಿತ. ಎತ್ತರದ ಚೆಂಡು ಬಂದರೆ ಹೆಗಲು ಮುಂದೆ ಮಾಡಿ, ಒಂದು ಹೆಜ್ಜೆ ಹಿಂದೆ ಸರಿದು, ಅದು ನೆಲ ಮುಟ್ಟುವ ಮೊದಲೇ ಬರಿಗಾಲಿನಲ್ಲಿ ಹಿಡಿಯುತ್ತಿದ್ದ. ಎದುರಾಳಿಗೆ ಅವನು ಯಾವ ಕಡೆ ಹೊರಟನೆಂದೇ ತಿಳಿಯುತ್ತಿರಲಿಲ್ಲ. ತಾಯಿಯ ಭಯದಿಂದ ಹುಟ್ಟಿದ ಆ ತಿರುವೇ ಮುಂದೆ ಅವನಿಗೆ ಅನ್ನ ಕೊಟ್ಟಿತು.

೧೯೩೪ರಲ್ಲಿ ಕೊಪ್ಪದಲ್ಲಿ ಕಾಫಿ ತೋಟದ ದೊರೆಗಳು ಒಂದು ಪಂದ್ಯ ಏರ್ಪಡಿಸಿದರು. ಅಲ್ಲಿ ಷಡಕ್ಷರಿ ಒಬ್ಬನೇ ನಾಲ್ಕು ಗೋಲು ಹೊಡೆದ. ನೋಡಲು ಬಂದಿದ್ದ ದೊರೆಯೊಬ್ಬನ ತಮ್ಮ ಸಿಂಹಳದ ಕೊಲಂಬೊದಲ್ಲಿ ಚಹಾ ಕಂಪನಿಯೊಂದರ ಅಧಿಕಾರಿ. ಆ ಕಂಪನಿಗೆ ತನ್ನದೇ ಒಂದು ತಂಡವಿತ್ತು. ಹೆಸರಿಗೆ ಗೋದಾಮಿನಲ್ಲಿ ಚಹಾ ಪೆಟ್ಟಿಗೆ ತೂಗುವ ನೌಕರಿ. ನಿಜವಾದ ಕೆಲಸ ತಂಡದ ಮುಂದಿನ ಸಾಲಿನಲ್ಲಿ ನಿಂತು ಗೋಲು ಹೊಡೆಯುವುದು. ಎರಡು ವಾರದಲ್ಲಿ ಕರೆ ಬಂದಿತು.

ಷಡಕ್ಷರಿಗೆ ಮದುವೆಯಾಗಿ ಎರಡು ವರ್ಷವಾಗಿತ್ತು. ಹೆಂಡತಿ ನೀಲಾಂಬಿಕೆ ಶೆಟ್ಟಿಕೊಪ್ಪದವಳು. ಅವಳ ಅಣ್ಣ ರೇಣುಕಪ್ಪ ಸುದ್ದಿ ಕೇಳಿ ಗಾಡಿ ಕಟ್ಟಿಸಿಕೊಂಡು ಬಂದ.

"ಒದೆಯೋದಕ್ಕೆ ಸಮುದ್ರ ದಾಟಿ ಹೋಗ್ಬೇಕೇನೋ ಮಾರಾಯ? ಒದೆಸಿಕೊಳ್ಳೋ ಜನ ನಮ್ಮೂರಲ್ಲೇ ಬೇಕಾದಷ್ಟಿದ್ದಾರಲ್ಲ!"

"ಅವರಿಗೆ ಒದ್ರೆ ಸಂಬಳ ಕೊಡೋರು ಯಾರು ಭಾವಾ?"

ರೇಣುಕಪ್ಪ ಕಾಫಿ ಕುಡಿದು ಹೋದ. ವೀರಬಸಮ್ಮ ಮಾತ್ರ ಬಾಗಿಲಲ್ಲಿ ನಿಂತು ಮಗನ ಎದೆಯ ಮೇಲೆ ಅಂಗೈಯಿಟ್ಟು, "ಇದೊಂದು ಜೋಪಾನ," ಎಂದರು.

ಕೊಲಂಬೊದಲ್ಲಿ ಷಡಕ್ಷರಿ ಬೆಳ್ಳಿಯ ಕರಡಿಗೆಯನ್ನು ಪೆಟ್ಟಿಗೆಯಲ್ಲಿರಿಸಿ, ಆಟದ ದಿನಗಳಲ್ಲಿ ಲಿಂಗವನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಎದೆಗೆ ಬಿಗಿಯಾಗಿ ಕಟ್ಟಿಕೊಳ್ಳುತ್ತಿದ್ದ. ಅವನು ಓರೆಯಾಗಿ ಓಡುವುದನ್ನು ಕಂಡು ಜನ ಅವನಿಗೆ 'ಏಡಿ' ಎಂದು ಹೆಸರಿಟ್ಟರು. ಸಮುದ್ರದ ಪಕ್ಕದ ಮೈದಾನದಲ್ಲಿ ಸಾವಿರ ಜನ "ಏಡಿ, ಏಡಿ" ಎಂದು ತಮ್ಮ ಭಾಷೆಯಲ್ಲಿ ಕೂಗುವಾಗ, ಹುಟ್ಟಿದಾರಭ್ಯ ಮಾಂಸ ಮುಟ್ಟದವನಿಗೆ ನಗು ಬರುತ್ತಿತ್ತು. ತಾಯಿಗೆ ಬರೆದ ಕಾಗದಗಳಲ್ಲಿ ಈ ಸಂಗತಿಯೊಂದನ್ನು ಅವನು ಬರೆಯಲಿಲ್ಲ.

ಮೊದಲ ಮೂರು ವರ್ಷ ಹಾಗೆಯೇ ಕಳೆದವು. ಆಮೇಲೆ ಆಯಾಸ ಶುರುವಾಯಿತು. ಬೆಳಗ್ಗೆ ಎದ್ದು ಲಿಂಗಪೂಜೆ, ತಾನೇ ಬೇಯಿಸಿಕೊಂಡ ಅನ್ನ, ಗೋದಾಮಿನ ತಕ್ಕಡಿ, ಸಂಜೆ ಅಭ್ಯಾಸ, ವಾರಕ್ಕೆರಡು ಪಂದ್ಯ. ಬಲಮಂಡಿಯಲ್ಲಿ ನೀರು ತುಂಬಿಕೊಂಡು ಬೂದುಗುಂಬಳದಂತೆ ಊದುತ್ತಿತ್ತು. ಪಂದ್ಯದ ಮರುದಿನ ಗೋಡೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದ. ಪೆಟ್ಟಿಗೆಗಳ ನಡುವೆ ನಿಂತುಕೊಂಡೇ ತೂಕಡಿಸುತ್ತಿದ್ದ. ಆರು ವರ್ಷಗಳಲ್ಲಿ ಎರಡು ಬಾರಿ ಮಾತ್ರ ಊರಿಗೆ ಬಂದ. ಎರಡನೆಯ ಸಲ ಬಂದಾಗ ನೀಲಾಂಬಿಕೆ, "ನೀವು ಮನೇಲೂ ಓರೆಯಾಗೇ ನಡೀತೀರಲ್ರೀ. ಬಾಗಿಲು ಅಗಲ ಇದೆ, ನೆಟ್ಟಗೆ ಬನ್ನಿ," ಎಂದು ನಕ್ಕಳು. ನಗುವಾಗ ಅವಳ ಕಣ್ಣು ಅವನ ಮಂಡಿಯ ಮೇಲಿತ್ತು.

ಯುದ್ಧ ಶುರುವಾದ ವರ್ಷ ಕಂಪನಿಯವರು ಖರ್ಚು ಕಡಿಮೆ ಮಾಡತೊಡಗಿದರು. ಈ ಸಲ ದೊಡ್ಡ ಬೆಳ್ಳಿ ಬಟ್ಟಲಿನ ಪಂದ್ಯಾವಳಿ ಗೆಲ್ಲದಿದ್ದರೆ ತಂಡವನ್ನೂ, ಆಟಗಾರರಿಗಾಗಿ ಇರಿಸಿದ್ದ ನೌಕರಿಗಳನ್ನೂ ತೆಗೆದುಬಿಡುವುದಾಗಿ ಹೇಳಿದರು. ೧೯೪೦ರ ಜನವರಿಯಲ್ಲಿ ಅದರ ಕೊನೆಯ ಪಂದ್ಯ. ಎದುರಾಳಿ ತಂಡದ ನಾಯಕನಿಗೆ ಹಿಂದಿನ ತಿಂಗಳು ಷಡಕ್ಷರಿ ಎದೆಗೆ ಕಟ್ಟಿದ್ದ ಲಿಂಗದ ಗಂಟು ಬಡಿದು ಕೆನ್ನೆ ಹರಿದಿತ್ತು. ಅವನು ಆ ಗುರುತನ್ನು ರೆಫರಿಗೆ ತೋರಿಸಿ ದೂರು ಹೇಳಿದ. ದೂರಿನಲ್ಲಿ ಸುಳ್ಳಿರಲಿಲ್ಲ. ರೆಫರಿ ಹೊಸಬ, ಬಟ್ಟೆಯನ್ನು ಮುಟ್ಟದೆಯೇ ನೋಡಿ, ಗಟ್ಟಿಯಾದ ಯಾವ ವಸ್ತುವನ್ನೂ ಮೈಮೇಲಿಟ್ಟುಕೊಂಡು ಆಡುವಂತಿಲ್ಲವೆಂದ.

ಷಡಕ್ಷರಿ ಮೈದಾನದ ಅಂಚಿನಲ್ಲಿದ್ದ ತಂಡದ ಡೇರೆಗೆ ಹೋಗಿ ಕುಳಿತುಬಿಟ್ಟ. ತಂಡ ಹತ್ತೇ ಜನರಲ್ಲಿ ಆಡಿತು. ಅರ್ಧ ಆಟ ಮುಗಿಯುವ ಹೊತ್ತಿಗೆ ಒಂದು ಗೋಲು ಹಿಂದೆ ಬಿದ್ದಿತ್ತು.

ವಿರಾಮದಲ್ಲಿ ಗೋಲ್‌ಕೀಪರ್ ಪೆರೇರಾ ಬಂದು ಅವನೆದುರು ನೆಲದ ಮೇಲೆ ಕುಳಿತ. ಹಳ್ಳಿಯಲ್ಲಿ ನಾಲ್ಕು ಮಕ್ಕಳನ್ನು ಬಿಟ್ಟುಬಂದ ತಂದೆ. ಆರು ವರ್ಷ ಒಂದೇ ಕೊಠಡಿಯಲ್ಲಿ ಪಕ್ಕದಲ್ಲಿ ಮಲಗಿದವನು. ಇಬ್ಬರೂ ಹರುಕು ತಮಿಳಿನಲ್ಲಿ ಮಾತಾಡುತ್ತಿದ್ದರು.

"ನಿನ್ನ ದೇವರ ವಿಷಯ ನನಗೆ ತಿಳಿಯದು. ನಾನು ಬಿಚ್ಚು ಅನ್ನುವುದಿಲ್ಲ," ಎಂದ ಪೆರೇರಾ. "ನಾಳೆಯಿಂದ ನನ್ನ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಅಷ್ಟು ತಿಳಿದುಕೊಂಡು ಕೂತಿರು."

ಅವನು ಎದ್ದುಹೋದ ಮೇಲೆ ಷಡಕ್ಷರಿ ತನ್ನ ಹಿತ್ತಾಳೆಯ ತಂಬಿಗೆಯನ್ನು ತೊಳೆದು, ಒರೆಸಿ, ಲಿಂಗವನ್ನು ಬಟ್ಟೆಸಮೇತ ಬಿಚ್ಚಿ ಅದರೊಳಗಿಟ್ಟು, ಮೇಲೆ ಒಗೆದ ವಲ್ಲಿಯನ್ನು ಮುಚ್ಚಿದ. ಹೊರಗೆ ಬಂದಾಗ ಎದೆ ಹಗುರವಾಗಿ, ಯಾರೋ ಹಿಂದಿನಿಂದ ಕರೆದಂತಾಗುತ್ತಿತ್ತು.

ಮೊದಲ ಗೋಲು ತಲೆಯಿಂದ ಬಂದಿತು. ಎರಡನೆಯದು ಬಂದದ್ದು ಆಟ ಮುಗಿಯುವುದಕ್ಕೆ ಐದು ನಿಮಿಷವಿರುವಾಗ. ಎಡಗಡೆಯಿಂದ ಎತ್ತರವಾಗಿ ಬಂದ ಚೆಂಡಿಗೆ ಷಡಕ್ಷರಿ ಅಭ್ಯಾಸಬಲದಿಂದ ಹೆಗಲು ತಿರುಗಿಸಲು ಹೊರಟವನು ತಿರುಗಿಸಲಿಲ್ಲ. ನೆಟ್ಟಗೆ ನಿಂತ. ಚೆಂಡು ಬಂದು ಎದೆಯ ಮೇಲೆ ಇಳಿಯಿತು, ಅಳುವ ಕೂಸು ಅಪ್ಪಿಕೊಂಡು ಸುಮ್ಮನಾದ ಹಾಗೆ. ಅಲ್ಲಿಂದ ಜಾರಿ ಪಾದದ ಮುಂದೆ ಬಿತ್ತು. ಮುಂದಿನದನ್ನು ಕಾಲು ತಾನಾಗಿ ಮಾಡಿತು. ಹದಿನೈದು ವರ್ಷ ಆಡಿದ್ದರೂ ಆಟ ಇಷ್ಟು ಸುಲಭವೆಂದು ಅವನಿಗೆ ಗೊತ್ತಿರಲಿಲ್ಲ. ಜನ ಅವನನ್ನು ಹೊತ್ತು ಕುಣಿದರು. ಮೇಲಿನಿಂದ ಅವನು ಡೇರೆಯ ಕಡೆಗೇ ನೋಡುತ್ತಿದ್ದ.

ಬಟ್ಟಲು ಗೆದ್ದ ತಂಡವನ್ನು ಕಂಪನಿಯವರು ಹಾಗಿದ್ದೂ ಎರಡು ತಿಂಗಳ ತರುವಾಯ ತೆಗೆದುಹಾಕಿದರು. ಪೆರೇರಾ ಬಂದರಿನಲ್ಲಿ ಕೂಲಿಗೆ ಹೋದ. ಷಡಕ್ಷರಿ ಹಡಗು ಹತ್ತಿ, ರೈಲು ಹತ್ತಿ, ತರೀಕೆರೆಯಲ್ಲಿ ಬಸ್ಸು ಹಿಡಿದು ಊರಿಗೆ ಬಂದ. ಲಿಂಗವನ್ನು ಪಂದ್ಯದ ಸಂಜೆಯೇ ಮರಳಿ ಕಟ್ಟಿಕೊಂಡಿದ್ದರೂ, ಅಂದಿನಿಂದ ಅಂಗೈಯಲ್ಲಿಟ್ಟು ಪೂಜಿಸಲು ಅವನಿಗೆ ಧೈರ್ಯ ಬಂದಿರಲಿಲ್ಲ. ಪೂಜೆಯಿಲ್ಲದೆ ಉಂಡ ಅನ್ನವೆಲ್ಲ ಕದ್ದು ತಿಂದಂತಿತ್ತು.

ಬಂದ ದಿನ ಮಧ್ಯಾಹ್ನ ತಾಯಿ ಅಕ್ಕಿರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಮಾಡಿ ಬಡಿಸಿದರು. ಷಡಕ್ಷರಿ ತಟ್ಟೆಯ ಮುಂದೆ ಕುಳಿತು ಕೈ ಹಾಕಲಿಲ್ಲ.

"ಎಂತಾತೋ? ಉಪ್ಪು ಹೆಚ್ಚಾತಾ? ಬಾಯಿಗಿಡದೇ ಹೆಂಗೆ ಗೊತ್ತಾತು ನಿಂಗೆ?"

"ಅವ್ವಾ, ನಾನು ಸ್ವಾಮಿನ ಬಿಚ್ಚಿಟ್ಟು ಆಡಿದೆ."

ಅವನು ನಡೆದುದನ್ನೆಲ್ಲ ಹೇಳಿದ. ವೀರಬಸಮ್ಮ ಕೊನೆಯವರೆಗೂ ಕೇಳಿ, ಅವನ ಮುಂದಿನ ತಟ್ಟೆಯನ್ನು ತೆಗೆದು ಒಳಗಿಟ್ಟರು.

"ಮುತ್ತಿನಕೊಪ್ಪಕ್ಕೆ ಹೋಗು. ಅಯ್ಯನೋರು ಏನು ಹೇಳ್ತಾರೋ ಹಾಂಗೆ ಮಾಡು. ಅಲ್ಲೀವರೆಗೆ ಈ ಮನೇಲಿ ನಿಂಗೆ ಬಡಿಸೋಕೆ ನನ್ನ ಕೈ ಏಳೋದಿಲ್ಲ."

ಬಸ್ಸಿನವರೆಗೆ ಜೊತೆಯಲ್ಲಿ ಬಂದ ನೀಲಾಂಬಿಕೆ ದಾರಿಯಲ್ಲಿ ತಡೆಯಲಾರದೆ ಕೇಳಿದಳು: "ಅಷ್ಟು ದೂರದಲ್ಲಿ ಬಿಚ್ಚಿಟ್ಟದ್ದು ಇಲ್ಲಿ ಯಾರಿಗೆ ಗೊತ್ತಾಗ್ತಿತ್ರೀ? ಆರು ವರ್ಷ ಕಾದಿದ್ದೀನಿ. ಸುಮ್ನೆ ಉಂಡು ಕೈ ತೊಳೆದಿದ್ರೆ ಆಗ್ತಿರ್ಲಿಲ್ವಾ?"

"ನಂಗೆ ಗೊತ್ತಿತ್ತಲ್ಲ ಮಾರಾಯ್ತಿ."

ಮುತ್ತಿನಕೊಪ್ಪದ ಸಣ್ಣ ಮಠದಲ್ಲಿ ಮರುಳಯ್ಯನವರೆಂಬ ವೃದ್ಧರಿದ್ದರು. ಷಡಕ್ಷರಿಗೆ ದೀಕ್ಷೆ ಕೊಟ್ಟವರು ಅವರೇ. ವಿಷಯ ಕೇಳಿ ಅವರು ಸಿಟ್ಟಾಗಲಿಲ್ಲ.

"ಮತ್ತೆ ದೀಕ್ಷೆ ಕೊಡಬಹುದು. ಅದಕ್ಕೆ ದಾರಿ ಇದೆ. ಆದರೆ ಪಶ್ಚಾತ್ತಾಪ ಬೇಕು. ಬಂದಿದೆಯೋ?"

"ಬಿಚ್ಚಿದ್ದಕ್ಕೆ ಬಂದಿದೆ ಬುದ್ಧಿ. ಅವತ್ತಿಂದ ಒಂದು ತುತ್ತೂ ರುಚಿಸಿಲ್ಲ."

"ಮತ್ತಿನ್ನೇನು?"

ಷಡಕ್ಷರಿ ತಲೆ ತಗ್ಗಿಸಿದ. "ಆಮೇಲೆ ಚೆಂಡು ಎದೆ ಮೇಲೆ ಬಂತಲ್ಲ, ಆ ಗೋಲು. ಅದು ತಪ್ಪು ಅಂತ ಎಷ್ಟು ಸಲ ಹೇಳ್ಕೊಂಡ್ರೂ ಮನಸ್ಸು ಒಪ್ಪೋದಿಲ್ಲ. ಎಷ್ಟು ಹಾಯಾಗಿತ್ತು ಬುದ್ಧಿ! ನೆನೆದ್ರೆ ಈಗ್ಲೂ ಮೈ ಜುಮ್ ಅನ್ನುತ್ತೆ."

ಮರುಳಯ್ಯನವರು ಗಡ್ಡ ನೀವಿಕೊಂಡರು. "ಹಂಗಾದ್ರೆ ಇಲ್ಲೇ ಇರು. ಕಸ ಹೊಡಿ, ನೀರು ತಾ. ಸೋಮವಾರ ಸೋಮವಾರ ಕೇಳ್ತೀನಿ."

ಹೀಗೆ ಷಡಕ್ಷರಿ ಮಠದ ಜಗುಲಿಯಲ್ಲಿ ಉಳಿದ. ಬಾವಿಯಿಂದ ಕೊಡ ಹೊತ್ತು ತರುವಾಗ ಮಂಡಿ ಕಟಕಟನೆ ಸದ್ದು ಮಾಡುತ್ತಿತ್ತು. ಗಂಜಿ ಕುಡಿದು ಜಗುಲಿಯ ಕಂಬಕ್ಕೆ ಒರಗಿದರೆ ಮತ್ತೆ ಏಳುವುದೇ ಬೇಡವೆನ್ನಿಸುತ್ತಿತ್ತು. ಸೋಮವಾರಗಳಂದು ನೀಲಾಂಬಿಕೆ ಮಠಕ್ಕೆ ಬಂದು, ದೂರದಲ್ಲಿ ಕುಳಿತು ಇಬ್ಬರ ಮಾತನ್ನೂ ಕೇಳುತ್ತಿದ್ದಳು.

"ಬಂತೇನೋ?"

"ಇಲ್ಲ ಬುದ್ಧಿ."

ಮೂರನೆಯ ಸೋಮವಾರ ಅವಳು ಗಂಡನನ್ನು ಬಾವಿಕಟ್ಟೆಯ ಬಳಿ ತರಾಟೆಗೆ ತೆಗೆದುಕೊಂಡಳು. "ಬಂತು ಅನ್ನಿ. ಒಂದು ಮಾತು. ನಿಮ್ಮವ್ವ ಅಲ್ಲಿ ನಿಮ್ಮ ತಟ್ಟೆ ತೊಳೆದು ತೊಳೆದು ಇಡ್ತಾ ಇದ್ದಾರೆ. ಯಾರ ಹತ್ರಾನೂ ಮಾತಿಲ್ಲ, ಕತೆಯಿಲ್ಲ."

"ಸುಳ್ಳು ಹೇಳಿ ಕಟ್ಟಿಸಿಕೊಂಡ್ರೆ, ಅದು ಬಿಚ್ಚಿಟ್ಟದ್ದಕ್ಕಿಂತ ಕಡೆ ಅಲ್ವಾ?"

ಅವಳು ಕೊಡವನ್ನು ಅವನ ಕೈಯಿಂದ ಕಿತ್ತುಕೊಂಡು ತಾನೇ ಹೊತ್ತು ನಡೆದಳು.

ಐದನೆಯ ಸೋಮವಾರವೂ "ಇಲ್ಲ ಬುದ್ಧಿ" ಎಂದಾಗ ಮರುಳಯ್ಯನವರು ನಕ್ಕುಬಿಟ್ಟರು.

"ಅಲ್ಲವೋ ಷಡಕ್ಷರಿ, ನೀನು ಇಲ್ಲ ಅನ್ನೋದನ್ನ ಕೇಳ್ತಾ ಕೂತ್ರೆ ನಾನೇ ಲಿಂಗೈಕ್ಯ ಆಗಿಬಿಡ್ತೀನಿ. ಆಮೇಲೆ ನಿಂಗೆ ಕಟ್ಟೋರು ಯಾರು?" ಆಮೇಲೆ ನಗು ನಿಲ್ಲಿಸಿ ಹೇಳಿದರು: "ಆ ಸಂತೋಷಾನ ನಿನ್ನಿಂದ ಕಿತ್ತುಕೊಳ್ಳೋದಕ್ಕೆ ನನ್ನಿಂದಾಗಲ್ಲ. ಅದರ ಬದಲು ಆಟ ಬಿಡು. ಇನ್ನು ಚೆಂಡು ಮುಟ್ಟೋದಿಲ್ಲ ಅಂತ ಮಾತು ಕೊಡು."

"ಆಡೋದಕ್ಕೆ ಕಾಲೇ ಇಲ್ಲವಲ್ಲ ಬುದ್ಧಿ."

"ಕಾಲಿಲ್ಲ ಅಂತ ಬಿಡೋದು ಬೇರೆ, ಬಿಡ್ತೀನಿ ಅಂತ ಬಿಡೋದು ಬೇರೆ. ನಾನು ಎರಡನೇದು ಕೇಳ್ತಿದ್ದೀನಿ."

ಶೃಂಗೇರಿಯಲ್ಲಿ ಕೆಲವರು ತಂಡ ಕಟ್ಟಿಕೊಂಡು, ಆಟ ಹೇಳಿಕೊಡಲು ಷಡಕ್ಷರಿ ಬರಬೇಕೆಂದು ಹಿಂದಿನ ವಾರವಷ್ಟೇ ಹೇಳಿಕಳುಹಿಸಿದ್ದರು. ಓಡಬೇಕಾಗಿಲ್ಲ, ನಿಂತು ತೋರಿಸಿದರೆ ಸಾಕು ಎಂದಿದ್ದರು. ಆ ಮಾತನ್ನು ಅವನು ನೀಲಾಂಬಿಕೆಗೂ ಹೇಳದೆ, ಕೊಡ ಹೊರುವಾಗಲೆಲ್ಲ ಮನಸ್ಸಿನಲ್ಲೇ ಮೆಲುಕು ಹಾಕುತ್ತಿದ್ದ. ಅವನು ಎದ್ದು ಹಿತ್ತಲಿಗೆ ಹೋಗಿ ಬಾವಿಕಟ್ಟೆಯ ಮೇಲೆ ಕುಳಿತ. ಬಿಸಿಲು ಗೋಡೆಯಿಂದ ಇಳಿದು ಅಂಗಳದ ನಡುವಿಗೆ ಬಂದಿತು. ಮರುಳಯ್ಯನವರು ಕರೆಯಲಿಲ್ಲ, ನೀಲಾಂಬಿಕೆಯನ್ನೂ ಏಳಗೊಡಲಿಲ್ಲ.

ಅವನು ಹಿಂದಿರುಗಿ ಬಂದು ಅವರ ಕಾಲ ಬಳಿ ಕುಳಿತು, "ಬಿಟ್ಟೆ ಬುದ್ಧಿ," ಎಂದ. ಮರುಳಯ್ಯನವರು ಮತ್ತೊಮ್ಮೆ ಹೇಳಿಸಲಿಲ್ಲ.

ಮರುದಿನ ಬೆಳಗ್ಗೆ ದೀಕ್ಷೆಯಾಯಿತು. ಮಧ್ಯಾಹ್ನದ ಬಸ್ಸಿಗೆ ಗಂಡಹೆಂಡಿರು ಊರಿಗೆ ಬಂದರು. ಷಡಕ್ಷರಿ ಅಂಗೈಯಲ್ಲಿ ಲಿಂಗವನ್ನಿಟ್ಟು ಪೂಜೆ ಮುಗಿಸುವವರೆಗೆ ವೀರಬಸಮ್ಮ ಅಂಗಡಿಯಿಂದ ಏಳಲಿಲ್ಲ. ಆಮೇಲೆ ಬಂದು, ಒಲೆ ಹೊತ್ತಿಸಿ ಹಿಟ್ಟು ತಟ್ಟತೊಡಗಿದರು. ಮೊದಲ ರೊಟ್ಟಿ ತಟ್ಟೆಗೆ ಬಿದ್ದಿತು; ಎರಡನೆಯದು ಬಿದ್ದಿತು. ಷಡಕ್ಷರಿ ಬಗ್ಗಿಸಿದ ತಲೆಯೆತ್ತದೆ ತಿಂದ. ಮೂರು ತಿಂಗಳ ಮೇಲೆ ಮೊದಲ ಸಲ ಅವನ ನಾಲಗೆಗೆ ಉಪ್ಪು ಉಪ್ಪಾಗಿ, ಖಾರ ಖಾರವಾಗಿ ತಿಳಿಯುತ್ತಿತ್ತು.

"ಇನ್ನೊಂದು ಹಾಕ್ಲೇನೋ?" ಎಂದರು ವೀರಬಸಮ್ಮ. ಐದು ವಾರಗಳಲ್ಲಿ ಆಕೆ ಮಗನೊಡನೆ ಆಡಿದ ಮೊದಲ ಮಾತು ಅದು.

"ಹಾಕವ್ವ," ಎಂದು ಷಡಕ್ಷರಿ ತಟ್ಟೆ ಮುಂದಕ್ಕೆ ಸರಿಸಿದ.