ಅಟ್ಟದ ಕಾಯಿ, ಕಿವಿಯ ಹಿಂದಿನ ಮೂಳೆ

ಆಗ ನನಗೆ ಅರವತ್ತೇಳು. ಈಗ್ಗೆ ಆರು ವರ್ಷ ಆಯ್ತು. ನಮ್ಮನೆ ಅಟ್ಟದ ತುಂಬ ಕಾಯಿ ಇತ್ತು. ಅದನ್ನ ಯಾವತ್ತು ಒಡೆಯಬೇಕು ಅನ್ನೋ ಮಾತು ನನ್ನದು.

ಗೊತ್ತಿಲ್ಲದವರಿಗೆ ಹೇಳ್ತೀನಿ. ನಮ್ಮ ತಿಪಟೂರು ಕಡೆ ತೆಂಗಿನಕಾಯಿನ ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಮುಟ್ಟಲ್ಲ. ಒಳಗಿನ ನೀರು ತಾನಾಗೇ ಇಂಗಿ ಹೋಗುತ್ತೆ. ತಿರುಳು ಒಣಗಿ, ಚಿಪ್ಪು ಬಿಟ್ಟು, ಒಳಗೇ ಚೆಂಡಿನ ಹಾಗೆ ಉರುಳಾಡುತ್ತೆ. ಕುಲುಕಿದ್ರೆ ಗೊಟಗೊಟ ಅನ್ನುತ್ತೆ. ಆಗ ಸುಲಿದು ಒಡೆದ್ರೆ ಕೊಬ್ಬರಿ ಗಿಟುಕು ಇಡಿಯಾಗಿ ಬರುತ್ತೆ. ಮುಂಚೆ ಒಡೆದ್ರೆ ಚಿಪ್ಪಿಗೆ ಅಂಟ್ಕೊಂಡು ಚೂರಾಗುತ್ತೆ. ತಡ ಮಾಡಿ, ಮೇಲೆ ಮಳೆ ತಂಪೂ ಹೊಡೆದ್ರೆ, ಎಣ್ಣೆ ಕಾರಿ ಕಮಟು ಹಿಡಿಯುತ್ತೆ. ಎರಡಕ್ಕೂ ಮಧ್ಯೆ ಒಂದು ಹದ ಇದೆ. ನೀರು ಆರಿದ್ದು ತೂಕದಲ್ಲಿ ಗೊತ್ತಾಗುತ್ತೆ. ಚಿಪ್ಪು ಬಿಟ್ಟಿದ್ದು ಸದ್ದಿನಲ್ಲೇ ಗೊತ್ತಾಗಬೇಕು. ಕೈಗೆ ತಿಳಿಯಲ್ವಾ ಅಂತ ಕೇಳಬಹುದು. ನಲವತ್ತು ವರ್ಷ ನಾರು ಬಡಿದ ಕೈ ನನ್ನದು, ಕೆಂಡ ಮುಟ್ಟಿದ್ರೂ ಅದಕ್ಕೆ ತಡವಾಗಿ ತಿಳಿಯುತ್ತೆ.

ಮರ ಹತ್ತೋದು, ಹೊರೋದು, ಸುಲಿಯೋದು ಗಂಡಸರ ಕೆಲಸ. ಅಟ್ಟದ ಮಾತು ಹೆಂಗಸರದ್ದು. ಅಡಿಗೆಮನೆ ಮೇಲೇ ಅಟ್ಟ ಇರೋದಕ್ಕೆ ಹಾಗೆ ಬಂದಿರಬೇಕು. ಮನೆ ಹಿರೀ ಹೆಂಗಸು "ಒಡೀರಿ" ಅನ್ನೋತನಕ ಒಂದು ಕಾಯೂ ಕೆಳಗೆ ಇಳಿಯೋ ಹಾಗಿಲ್ಲ. ನಮ್ಮತ್ತೆ ಸಾಯೋ ವರ್ಷದವರೆಗೂ ಆ ಮಾತನ್ನ ನನಗೆ ಬಿಟ್ಟುಕೊಡಲಿಲ್ಲ. ನನಗೂ ಅದನ್ನ ಇನ್ಯಾರಿಗೂ ಬಿಟ್ಟುಕೊಡೋ ಮನಸ್ಸಿರಲಿಲ್ಲ.

ಈ ಅಟ್ಟದ ಉಪಾಯ ಮೊದಲು ಯಾರಿಗೆ ಹೊಳೀತು ಅಂತ ಯಾರೂ ಹೇಳಲ್ಲ. ಹೊಳೀಲಿಲ್ಲ, ಯಾವಳೋ ಮರೆತಳು ಅಂತ ನನ್ನ ಅನುಮಾನ. ಮೂಲೇಲಿ ಬಿಟ್ಟ ಕಾಯಿ ವರ್ಷದ ಮೇಲೆ ಸಿಕ್ಕಿರಬೇಕು, ಅವಳಿಗೆ ಸರಿಯಾಗಿ ಬೈಗುಳ ಬಿದ್ದಿರಬೇಕು, ಬಿಸಾಕೋ ಮುಂಚೆ ಒಡೆದು ನೋಡಿದ್ರೆ ಒಳಗೆ ಗಿಟುಕು. ಅಲ್ಲಿಂದ ಬಿದಿರು ದಬ್ಬೆ ಹಾಸಿ, ಸಂದು ಬಿಟ್ಟು, ಕೆಳಗಿಂದ ಗಾಳಿ ಆಡೋ ಹಾಗೆ ಅಟ್ಟ ಕಟ್ಟೋತನಕ ಎಷ್ಟು ತಲೆಮಾರು ಹೋಯ್ತೋ. ಒಬ್ಬಳ ಕಾಯಿ ಇಲಿ ತಿಂದಿರುತ್ತೆ. ಇನ್ನೊಬ್ಬಳದ್ದು ನೆಲದ ತೇವಕ್ಕೆ ಮೊಳಕೆ ಬಂದಿರುತ್ತೆ. ಅವರ ಸುದ್ದಿ ಯಾರಿಗೆ ಬೇಕು?

ಆ ವರ್ಷ ಕಾಯಿ ಸದ್ದು ಮಾಡಲಿಲ್ಲ. ಹನ್ನೊಂದು ತಿಂಗಳು ತುಂಬಿದ ಮೇಲೆ ಏಣಿ ಹತ್ತಿ ಕುಲುಕಿದೆ. ಏನೂ ಇಲ್ಲ. ವಾರ ಬಿಟ್ಟು ಹತ್ತಿದೆ, ಆಗಲೂ ಇಲ್ಲ.

ಮೊದಲು ಅನುಮಾನ ಬಂದಿದ್ದು ಗ್ಯಾಸಿನ ಮೇಲೆ. ಅದಕ್ಕೆ ಮೂರು ವರ್ಷ ಮುಂಚೆ ಸೊಸೆ ಸೌದೆ ಒಲೆ ಕೀಳಿಸಿ ಅಟ್ಟದ ಕೆಳಗೆ ಗ್ಯಾಸಿನ ಒಲೆ ಇಡಿಸಿದ್ದಳು.

"ಹೊಗೆ ಇಲ್ದೆ ಕಾಯಿ ಎಲ್ಲಿ ಒಣಗ್ತವೆ? ನಿನ್ನ ಗ್ಯಾಸು ಬಂತು, ನನ್ನ ಅಟ್ಟ ಕೆಡ್ತು ಕಣೇ," ಅಂದೆ.

"ಹೋದ ವರ್ಷಾನೂ ಗ್ಯಾಸೇ ಇತ್ತಲ್ಲ ಅತ್ತೆ. ಆಗ ಒಣಗಿದ್ವಲ್ಲ." ಅವಳೂ ಗಂಟಲು ಏರಿಸಿದಳು.

"ಹೋದ ವರ್ಷದ ಬಿಸಿಲು ಬೇರೆ."

"ಹಂಗಾದ್ರೆ ಬಿಸಿಲಿಗೆ ಬೈಯಿರಿ. ನನ್ನ ಒಲೆ ಏನು ಮಾಡ್ತು?"

ಅವಳ ಮಾತಲ್ಲಿ ನ್ಯಾಯ ಇತ್ತು, ಅದಕ್ಕೇ ಇನ್ನೂ ಸಿಟ್ಟು ಬಂತು. ಸೀಮೆಎಣ್ಣೆ ಸ್ಟೌವ್ ಬಂದಾಗ ನಮ್ಮತ್ತೆ ನನಗೆ ಹೀಗೇ ಬೈದಿದ್ದರು, ಸಾರು ವಾಸನೆ ಹೊಡೆಯುತ್ತೆ ಅಂತ. ಕೆಂಡ ಬೂದಿಯಲ್ಲಿ ಮುಚ್ಚಿಟ್ಟು, ಆರಿದ್ರೆ ಪಕ್ಕದ ಮನೆಯಿಂದ ತರೋ ಕಾಲ ಒಂದಿತ್ತಂತೆ. ಬೆಂಕಿಪೊಟ್ಟಣ ಮೊದಲು ಮನೆಗೆ ತಂದವಳು ಯಾರ ಕೈಲಿ ಬೈಸಿಕೊಂಡಳೋ. ಹೊಸದು ಬಂದಾಗಲೆಲ್ಲ ಬೈಯೋದಕ್ಕೆ ಒಬ್ಬಳು ಇದ್ದೇ ಇರ್ತಾಳೆ. ಆ ವರ್ಷ ನಾನಿದ್ದೆ.

ಎರಡನೇ ಅನುಮಾನ ಮನೆಯವರ ಮೇಲೆ. ಮಗ ಸೊಸೆ ನನಗೆ ಕೇಳದ ಹಾಗೆ ಮಾತಾಡ್ತಾರೆ ಅಂತ ಬಹಳ ದಿನದಿಂದ ನೋಡ್ತಿದ್ದೆ. ಮುಂಚೆ ಜೋರಾಗಿ ಮಾತಾಡ್ತಿದ್ದವರು ಈಗ ಬಾಯಿ ಆಡಿಸ್ತಾರೆ ಅಷ್ಟೆ. ಒಣಗಿದ ಕಾಯಿನೆಲ್ಲ ಕೆಳಗಿಳಿಸಿ, ಹೊಸ ಕಾಯಿ ತುಂಬಿ, ನನ್ನ ಮಾತು ಸುಳ್ಳು ಮಾಡಿ, ಅಟ್ಟ ಕಿತ್ಕೊಳ್ಳೋ ಸಂಚು ಅಂದ್ಕೊಂಡೆ. ನನ್ನ ಕಿವಿ ಮೇಲೆ ಮಾತ್ರ ಅನುಮಾನ ಬರಲಿಲ್ಲ. ಹುರಿಗಡಲೆ ಅಗಿದ್ರೆ ಕಲ್ಲು ಒಡೆದ ಹಾಗೆ ಕೇಳ್ತಿತ್ತು. ಕಿವುಡಿಗೆ ಕಡಲೆ ಸದ್ದು ಕೇಳುತ್ತಾ?

ಕಾಯಿ ಸುಲಿಯೋನು ನನ್ನ ಓರಗೆಯವನು. ಮೊದಲು ಅವರಪ್ಪ ನಮ್ಮನೇಲಿ ಸುಲೀತಿದ್ದ, ನೆಲಕ್ಕೆ ಹೂತ ಮರದ ಗೂಟಕ್ಕೆ ಕಬ್ಬಿಣದ ಮೊನೆ ಹಾಕ್ಕೊಂಡು. ಇವನದ್ದು ಪೂರ್ತಿ ಕಬ್ಬಿಣದ ಹಾರೆ. ಈಗ ಮೋಟಾರಿನ ಮಿಷನ್ನು ಬಂದಿದೆ, ಅದು ಇವನಿಗೆ ಸೇರಲ್ಲ. ಅವನು ಬಾಗಿಲಿಗೆ ಬಂದು ತನ್ನ ದೊಡ್ಡ ಗಂಟಲಲ್ಲಿ ಕೇಳಿದ.

"ಅಕ್ಕಯ್ಯ, ನನ್ನ ಹಾರೆ ತುಕ್ಕು ಹಿಡೀತೈತೆ. ಯಾವತ್ತು?"

"ಇನ್ನೂ ಆಗಿಲ್ಲ ಕಣಪ್ಪ."

ತಿಂಗಳು ಬಿಟ್ಟು ಮತ್ತೆ ಬಂದ. ಆಗಲೂ ಅದೇ ಮಾತು ಹೇಳಿದೆ. ಅಷ್ಟರಲ್ಲಿ ಮಳೆ ಹಿಡಿದಿತ್ತು. ಇನ್ನೊಂದು ತಿಂಗಳಿಗೆ ಮೂರನೇ ಸಲ ಬಂದಾಗ ಅವನ ಮುಖ ಗಂಟಾಗಿತ್ತು.

"ಏನು ಅಕ್ಕಯ್ಯ, ಕಾಯಿಗೆ ಹೆಸರಿಟ್ಟು ಮದುವೆ ಮಾಡಿ ಆಮೇಲೆ ಕಳಿಸ್ತೀಯಾ? ಊರೆಲ್ಲ ಒಡೆದು ಮುಗೀತು."

"ಊರಿನ ಕಾಯಿ ಬೇರೆ. ನಮ್ಮವು ಆಗಿಲ್ಲ."

ಅವನು ನನ್ನ ಕೇಳದೇ ಏಣಿ ಹತ್ತಿ ಒಂದು ಕಾಯಿ ತಂದ. ಎಲ್ಲರ ಮುಂದೆ ಕುಲುಕಿದ. ನನಗೆ ಕೇಳಿಸಿದ್ದು ಏನೂ ಇಲ್ಲ. ಆದ್ರೆ ಸೊಸೆ ಮಗನ ಮುಖ ನೋಡಿದ್ದು ಕಂಡೆ. ಮಗ ನೆಲ ನೋಡಿದ್ದೂ ಕಂಡೆ.

"ಕೇಳ್ತಾ?"

"ಏನು ಕೇಳಬೇಕು?"

ಅವನು ಆ ಕಾಯಿನ ಅಲ್ಲೇ ಸುಲಿದ, ಚಿಪ್ಪಿನ ಸುತ್ತ ಮಚ್ಚಿನ ಹಿಂಬದಿಯಿಂದ ಕುಟ್ಟಿದ, ಗಿಟುಕು ಇಡಿಯಾಗಿ ನನ್ನ ಕೈಗಿಟ್ಟ.

"ಇದು ನಮ್ಮ ಅಟ್ಟದ್ದಲ್ಲ," ಅಂದೆ. "ಬೇರೆ ಮನೆ ಕಾಯಿ ತಂದಿದ್ದೀಯ."

"ಅಯ್ಯೋ, ಲುಂಗೀಲಿ ಬಚ್ಚಿಟ್ಕೊಂಡು ಏಣಿ ಹತ್ತಿದ್ನಾ? ನಾನೇನು ಗಾರುಡಿಗನಾ?"

ಸೊಸೆ ನಗು ತಡೆಯಕ್ಕೆ ಸೆರಗು ಬಾಯಿಗಿಟ್ಟಳು. ಮಗ ಮಾತ್ರ ನಗಲಿಲ್ಲ. ನನ್ನ ಹತ್ತಿರ ಬಂದು ಕೂಗಿ ಹೇಳಿದ. "ಅವ್ವ, ನಾಳೆ ತಿಪಟೂರಿಗೆ ಹೋಗಿ ಕಿವಿ ತೋರಿಸ್ಕೊಂಡು ಬರಾಣ."

ಹೂಂ ಅಂದೆ. ಒಪ್ಪಿ ಅಲ್ಲ, ನನ್ನ ಕಿವಿ ಸರಿ ಇದೆ ಅಂತ ಡಾಕ್ಟ್ರ ಬಾಯಲ್ಲೇ ಹೇಳಿಸೋಣ ಅಂತ. ಅಲ್ಲೇ ಎಲ್ಲರ ಮುಂದೆ ಮಾತು ಕಟ್ಟಿದೆ. ಕಿವಿ ಸರಿ ಇದ್ರೆ ನಾನು ಹೇಳೋತನಕ ಯಾರೂ ಅಟ್ಟದ ಸುದ್ದಿ ಎತ್ತಬಾರದು. ಕೆಟ್ಟಿದ್ರೆ ಅಟ್ಟದ ಮಾತು ಸೊಸೇದು. ಸೊಸೆ "ಬ್ಯಾಡಿ ಅತ್ತೆ, ಯಾಕೆ ಇದೆಲ್ಲ" ಅಂದಳು. ಗೆಲ್ತೀನಿ ಅಂತ ಗೊತ್ತಿದ್ದೇ ಹಾಗಂತಾಳೆ ಅಂದ್ಕೊಂಡೆ.

ಡಾಕ್ಟ್ರು ಹೆಂಗಸು, ಸೊಸೆ ವಯಸ್ಸಿನವಳು. ಕಿವಿಯೊಳಗೆ ದೀಪ ಬಿಟ್ಟು ನೋಡಿದಳು. ಆಮೇಲೆ ಎರಡು ಕವಲಿನ ಒಂದು ಉಕ್ಕಿನ ಕಡ್ಡಿ ತೆಗೆದು, ತನ್ನ ಮೊಣಕೈಗೆ ತಟ್ಟಿ, ನನ್ನ ಕಿವಿ ಹತ್ತಿರ ಹಿಡಿದಳು. ಏನೂ ಇಲ್ಲ. ಅದರ ಹಿಡಿ ಕಿವಿ ಹಿಂದಿನ ಮೂಳೆಗೆ ಒತ್ತಿದಳು. ಜುಂಯ್ ಅಂತ ತಲೆ ತುಂಬ ಕೇಳ್ತು.

"ಗುಂಡಿ ಒತ್ತಿದ್ರಿ," ಅಂದೆ.

"ಗುಂಡಿ ಎಲ್ಲಿದೆ ಅಜ್ಜಿ? ತಗೊಳ್ಳಿ, ನೀವೇ ನೋಡಿ."

ತಿರುಗಿಸಿ ತಿರುಗಿಸಿ ನೋಡಿದೆ. ತಂತಿ ಇಲ್ಲ, ಗುಂಡಿ ಇಲ್ಲ, ಬರೀ ಉಕ್ಕು. ನನ್ನ ಮಂಡಿಗೇ ತಟ್ಟಿ ಕಿವಿ ಹತ್ತಿರ ಹಿಡಿದೆ. ಸದ್ದಿಲ್ಲ. ಮೂಳೆಗಿಟ್ಟೆ. ಜುಂಯ್. ಇನ್ನೊಂದು ಕಿವಿಗೂ ಹಾಗೇ ಮಾಡಿದೆ. ಕಣ್ಣು ಮುಚ್ಕೊಂಡು ಮತ್ತೆ ಮಾಡಿದೆ. ಹೊರಗೆ ಕಾಯ್ತಿದ್ದ ಜನ ಇಣುಕಿ ನೋಡಿದ್ರು. ನೋಡಲಿ.

"ಬಾಗಿಲು ಹಾಳಾಗಿದೆ, ಒಳಮನೆ ಚೆನ್ನಾಗಿದೆ," ಅಂದಳು ಡಾಕ್ಟ್ರು, ನನ್ನ ಕಿವಿಗೆ ಬಾಯಿಟ್ಟು. "ಕಿವಿ ದಾರಿಯಿಂದ ಬರೋ ಸದ್ದು ಒಳಗೆ ಹೋಗ್ತಿಲ್ಲ. ಮೂಳೆ ದಾರಿಯಿಂದ ಹೋಗುತ್ತೆ. ನೀವು ಏನಾದ್ರೂ ಅಗಿದ್ರೆ ನಿಮಗೆ ಜೋರಾಗಿ ಕೇಳುತ್ತೆ ಅಲ್ವಾ?"

ನಾನು ಮಗನ ಕಡೆ ನೋಡಲಿಲ್ಲ.

ಅವಳ ಹಿಂದೆ ಗೋಡೆ ಮೇಲೆ ಒಂದು ಚಿತ್ರ ಇತ್ತು. ಮೊದಲು ಕಿವಿ ಹಿಂದೆ ಅಂಗೈ ಇಟ್ಕೊಂಡ ಒಬ್ಬ ಮನುಷ್ಯ. ಆಮೇಲೆ ದನದ ಕೊಂಬು ಕಿವಿಗಿಟ್ಕೊಂಡವನು. ಆಮೇಲೆ ತಗಡಿನ ಆಲಿಕೆ. ಆಮೇಲೆ ಹಲ್ಲಲ್ಲಿ ಕಡ್ಡಿ ಕಚ್ಚಿಕೊಂಡ ಒಬ್ಬ. ಜೇಬಲ್ಲಿ ಡಬ್ಬ, ಡಬ್ಬದಿಂದ ತಂತಿ. ಕೊನೆಗೆ ಅವರೆಕಾಳಷ್ಟು ಒಂದು.

"ಇವನ್ಯಾಕೆ ಕಡ್ಡಿ ಕಚ್ಚಿದ್ದಾನೆ?"

"ನಿಮ್ಮ ಥರದವರೇ ಅಜ್ಜಿ. ಕಡ್ಡಿಯ ಇನ್ನೊಂದು ತುದಿ ವಾದ್ಯಕ್ಕೆ ತಾಗಿಸ್ತಾರೆ. ಸದ್ದು ಹಲ್ಲಿಂದ ಮೂಳೆಗೆ ಹೋಗುತ್ತೆ. ಇದು ನೂರಾರು ವರ್ಷದ ಹಿಂದೇನೇ ಗೊತ್ತಿತ್ತು. ಈಗ ಮೂಳೆಗೇ ಕೂರಿಸೋ ಮಿಷನ್ ಇದೆ."

"ನೂರಾರು ವರ್ಷದ ಹಿಂದೆ ಗೊತ್ತಿದ್ರೆ ಮಿಷನ್ನಿಗೆ ಇಷ್ಟು ದಿನ ಯಾಕೆ ಬೇಕಾಯ್ತು?"

"ಗೊತ್ತಿದ್ರೆ ಸಾಲಲ್ಲ ಅಜ್ಜಿ. ಕರೆಂಟು ಬರಬೇಕು, ಸಣ್ಣ ಬ್ಯಾಟರಿ ಬರಬೇಕು. ಒಬ್ಬರು ಬಿಟ್ಟಿದ್ದನ್ನ ಇನ್ನೊಬ್ಬರು ಹಿಡೀಬೇಕು."

ನನಗೆ ಆ ಚಿತ್ರದ ಮೇಲೆ ಪೂರ್ತಿ ನಂಬಿಕೆ ಬರಲಿಲ್ಲ. ಕೊಂಬಾದ ಮೇಲೆ ಆಲಿಕೆ, ಆಲಿಕೆ ಆದ ಮೇಲೆ ಡಬ್ಬ ಅಂತ ಮೆಟ್ಟಿಲು ಹತ್ತಿದ ಹಾಗೆ ಬರೆದಿದ್ದರು. ಮಧ್ಯೆ ಎಷ್ಟು ಜನ ಏನೇನೋ ಕಿವಿಗೆ ತುರುಕ್ಕೊಂಡು ಕೀವು ಹಿಡಿಸ್ಕೊಂಡಿರಬೇಕು. ಗೆದ್ದದ್ದನ್ನ ಮಾತ್ರ ಗೋಡೆಗೆ ಹಾಕ್ತಾರೆ. ಹಾಗಂತ ಹೇಳಿದೆ. ಡಾಕ್ಟ್ರು ನಕ್ಕು, ನಿಜ ಅಂದಳು. ಆಪರೇಷನ್ ಮಾಡಬಹುದು, ಇಲ್ಲಾ ಮಿಷನ್ ಹಾಕ್ಕೋಬಹುದು, ಇವತ್ತೇ ಹೇಳಬೇಕು ಅಂತಿಲ್ಲ ಅಂದಳು. ಇವತ್ತೇ ಅಂದಿದ್ರೆ ಎದ್ದು ಬರ್ತಿದ್ದೆ.

ಬಸ್ಸಲ್ಲಿ ಬರೋವಾಗೆಲ್ಲ ನನಗೆ ಆ ಕಡ್ಡಿ ಕಚ್ಚಿದವನದ್ದೇ ಯೋಚನೆ.

ಮನೆಗೆ ಬಂದಾಗ ನಾಲ್ಕು ಗಂಟೆ. ಸೊಸೆ ಹಾಲು ಹಾಕಕ್ಕೆ ಡೈರಿಗೆ ಹೋಗಿದ್ದಳು. ಕಾಲು ತೊಳೆದು ಸೀದಾ ಏಣಿ ಹತ್ತಿದೆ. ಒಂದು ಕಾಯಿ ತಗೊಂಡು ಕಿವಿ ಹಿಂದಿನ ಮೂಳೆಗೆ ಒತ್ತಿಟ್ಕೊಂಡು, ತಲೆ ಸಮೇತ ಕುಲುಕಿದೆ.

ಗೊಟಗೊಟ.

ಆ ಮೂಲೆಯದ್ದು ಮಾತ್ರ ಹಾಗಿರಬಹುದು ಅಂತ ಈ ಮೂಲೆಗೆ ಬಂದೆ. ಗೊಟಗೊಟ. ಕೆಳಗಿನ ಸಾಲಿಂದ ಒಂದು ಎಳೆದೆ. ಅದೂ ಹಾಗೇ. ಹೊಸ ಕಾಯಿ ಸೇರಿಸಿದ್ದಾರಾ ಅಂತ ಮಟ್ಟೆ ಬಣ್ಣ ನೋಡಿದೆ, ತೊಟ್ಟು ನೋಡಿದೆ. ಎಲ್ಲ ಹಳೇವೇ, ಎಲ್ಲ ನಮ್ಮವೇ. ಹಂಚು ಸೋರಿದ ಕಡೆ ಮೂಗಿಟ್ಟರೆ ಕಮಟು ವಾಸನೆ ಆಗಲೇ ಬರ್ತಿತ್ತು. ಎರಡು ತಿಂಗಳು ಮನೆಯವರ ಮೇಲೆ, ಒಲೆ ಮೇಲೆ, ಸುಲಿಯೋನ ಮೇಲೆ ಅನುಮಾನ ಪಟ್ಟು ಕೂತಿದ್ದೆ. ಅಷ್ಟೂ ದಿನ ಒಳಗೆ ಕೊಬ್ಬರಿ ಕೆಡ್ತಿತ್ತು.

ಸೊಸೆ ಬಂದು ಏಣಿ ಕೆಳಗೆ ನಿಂತಳು. "ಡಾಕ್ಟ್ರು ಏನಂದ್ರು ಅತ್ತೆ?" ಅಂತ ಕೂಗಿದಳು. ಕೇಳಿಸ್ತು, ಕೂಗಿದ್ದಳಲ್ಲ. ಕೇಳದ ಹಾಗೆ ಇಳಿದು ಹೋಗಿ ಹಸುಗೆ ಹುಲ್ಲು ಹಾಕಿದೆ. ಮಗ ಹೇಳಿರ್ತಾನೆ, ನಾನೇ ಯಾಕೆ ಹೇಳಲಿ. ಸಂಜೆ ಊಟಕ್ಕೆ ಕೂತಾಗ ಯಾರೂ ಅಟ್ಟದ ಸುದ್ದಿ ಎತ್ತಲಿಲ್ಲ. ಅವರು ಎತ್ತದೇ ಇದ್ದದ್ದು ಬೈಗುಳಕ್ಕಿಂತ ಕಷ್ಟ ಆಯ್ತು.

ಮಾರನೇ ದಿನ ಬೆಳಿಗ್ಗೆ ಕೊಟ್ಟಿಗೆ ಕಸ ತೆಗೆದು, ಸುಲಿಯೋನ ಮನೆಗೆ ನಾನೇ ನಡ್ಕೊಂಡು ಹೋದೆ. ಜಗಲಿ ಮೇಲೆ ಟೀ ಕುಡೀತಿದ್ದ.

"ಹಾರೆ ತಗೊಂಡು ಬಾ. ಎರಡು ತಿಂಗಳ ಹಿಂದೇನೇ ಆಗಿದ್ವು. ತಪ್ಪು ನಂದು," ಅಂದೆ.

"ಕೂತ್ಕೋ ಅಕ್ಕಯ್ಯ, ಟೀ ಕುಡಿ," ಅಂದ.

"ಟೀ ಆಮೇಲೆ. ನಡಿ."

ಅವನು ಅಂಗಳದಲ್ಲಿ ಹಾರೆ ನೆಟ್ಟ. ಮಗ ಏಣಿ ಹಿಡ್ಕೊಂಡು ನಿಂತ. ಎಲ್ಲರೂ ನನ್ನ ಬಾಯಿ ನೋಡ್ತಿದ್ರು. ನಾನು ಸೊಸೆನ ಒಳಗಿಂದ ಕರೆದು ಮುಂದೆ ನಿಲ್ಲಿಸಿದೆ.

"ಹೇಳು."

"ನೀವೇ ಹೇಳಿ ಅತ್ತೆ."

"ಮಾತು ಕಟ್ಟಿದ್ದೀನಿ ಕಣೇ. ಕೈ ಒರೆಸ್ಕೊಂಡು ಹೇಳು, ಹೊತ್ತಾಯ್ತದೆ."

"ಒಡೀರಿ," ಅಂದಳು. ಮೆಲ್ಲಗೆ ಅಂದಿರಬೇಕು, ನನಗೆ ತುಟಿ ಮಾತ್ರ ಕಾಣಿಸ್ತು. ಮಗ ಏಣಿ ಹತ್ತಿದ್ದು ನೋಡಿ ಅಂದಳು ಅಂತ ಗೊತ್ತಾಯ್ತು.

ನಾನು ಗೋಣಿತಾಟು ಹಾಸ್ಕೊಂಡು ಕೂತೆ. ಬಂದ ಗಿಟುಕನ್ನ ಒಂದೊಂದಾಗಿ ಮೂಸಿ, ಒಳ್ಳೇದು ಬಲಕ್ಕೆ, ಕಮಟು ಎಡಕ್ಕೆ ಹಾಕ್ತಾ ಹೋದೆ. ಎಡಗಡೆ ರಾಶಿ ಬೇಗ ಬೇಗ ಬೆಳೀತಿತ್ತು.