ಒಣಗದ ಮೂರು ಜಾಗ

ಕುರ್ಚಿಗೆ ಬಣ್ಣ ಹೊಡೆದು ಮೂರು ದಿನವಾಗಿತ್ತು. ಬೆರಳಿಟ್ಟರೆ ಇನ್ನೂ ಅಂಟುತ್ತಿತ್ತು. ಶನಿವಾರ ಬೆಳಿಗ್ಗೆ ಹುಬ್ಬಳ್ಳಿಯಿಂದ ಅತ್ತೆ ಬರುವವರಿದ್ದರು. ಭಾನುವಾರ ನನ್ನ ಗಂಡನ ವರ್ಷದ ಕಾರ್ಯ. ತಮ್ಮ ಮಗನ ಫೋಟೋ ಅದೇ ಕುರ್ಚಿಯ ಮೇಲೆ ಇಡಬೇಕೆಂದು ಅತ್ತೆ ಫೋನಿನಲ್ಲಿ ಎರಡು ಸಲ ಹೇಳಿದ್ದರು.

ನಾಗಪುರಕ್ಕೆ ಬಂದ ಮೊದಲ ವರ್ಷ ಹಳೆ ಸಾಮಾನಿನ ಅಂಗಡಿಯಲ್ಲಿ ಕೊಂಡ ಸಾಗವಾನಿ ಕುರ್ಚಿ ಅದು. ಹಿಂಗಣಾದ ಕಾರ್ಖಾನೆಯಿಂದ ಬೈಕಿನಲ್ಲಿ ಬಂದವರೇ ಇವರು ಹೆಲ್ಮೆಟ್ ತೆಗೆದು ಅದರಲ್ಲಿ ಕೂತು, ತಲೆ ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚುತ್ತಿದ್ದರು. ತಲೆಗೆ ಎಣ್ಣೆ ಸುರಿದುಕೊಳ್ಳುವ ಅಭ್ಯಾಸ. ವರ್ಷಗಳು ಕಳೆದಂತೆ ಒರಗುವ ಹಲಗೆಯ ಮೇಲೆ ತಲೆಯ ಗಾತ್ರದ ಕಪ್ಪು ಕಲೆ ಬಿದ್ದಿತ್ತು. ಕುರ್ಚಿಯ ಎರಡು ಕೈಗಳ ಮೇಲೂ ಅಂಗೈ ಊರುವ ಜಾಗ ಕಪ್ಪಾಗಿತ್ತು. ಬದುಕಿದ್ದಾಗ ಆ ಕಲೆಗಾಗಿ ಅವರನ್ನು ಎಷ್ಟೋ ಸಲ ಬೈದಿದ್ದೆ. ಅವರು ತೀರಿಹೋದ ಮೂರನೆಯ ದಿನವೇ ಬಂಧುಗಳು ದಿಂಬಿನ ಚೀಲ, ಅಂಗಿ ಎಲ್ಲ ಒಗೆದುಹಾಕಿದರು. ಉಳಿದದ್ದು ಆ ಕಲೆ ಒಂದೇ. ಅದರ ಮೇಲೆ ಚಾದರ ಹೊದಿಸಿ ಕುರ್ಚಿಯನ್ನು ಮೂಲೆಗೆ ಸರಿಸಿದೆ. ವರ್ಷವಿಡೀ ಚಾದರ ತೆಗೆಯಲಿಲ್ಲ.

ಈಗ ತೆಗೆದಾಗ ಕಲೆ ಹಾಗೇ ಇತ್ತು. ಇದನ್ನು ನೋಡಿದರೆ ಹೆತ್ತ ತಾಯಿಗೆ ಏನಾದೀತು ಎನಿಸಿತು. ನಿಜ ಹೇಳಬೇಕೆಂದರೆ ನನ್ನ ಹೆದರಿಕೆ ಅವರಿಗಾಗಿ ಅಷ್ಟೇ ಇರಲಿಲ್ಲ. ಬಜಾಜ್ ನಗರದ ಅಂಗಡಿಯಿಂದ ಕಂದು ಬಣ್ಣದ ಎರಡು ಸ್ಪ್ರೇ ಡಬ್ಬಿ ತಂದೆ. ಬಣ್ಣಕ್ಕೆ ಮುಂಚೆ ಕಟ್ಟಿಗೆ ಉಜ್ಜಿ ಒರೆಸಬೇಕೆನ್ನುವುದು ಗೊತ್ತಿತ್ತು. ಉಜ್ಜಲು ಕೈ ಬರಲಿಲ್ಲ. ಒಣ ಬಟ್ಟೆಯಿಂದ ಧೂಳು ಕೊಡವಿ, ಕಲೆಯ ಕಡೆ ಸರಿಯಾಗಿ ನೋಡದೆ ಹೊಡೆದುಬಿಟ್ಟೆ.

ಮೇ ತಿಂಗಳು. ಮಹಡಿಯ ಮೇಲೆ ಬರಿಗಾಲಿಡಲಾಗದ ಬಿಸಿಲಿನಲ್ಲಿ ಕುರ್ಚಿಯನ್ನು ಇಟ್ಟಿದ್ದೆ. ಮರುದಿನ ಕಾಲು, ಸೀಟು, ಅಂಚು ಎಲ್ಲ ಗಟ್ಟಿಯಾಗಿದ್ದವು. ಮೂರು ಜಾಗ ಮಾತ್ರ ಹಸಿ. ತಲೆಯದೊಂದು, ಅಂಗೈಗಳವೆರಡು.

"ಅವ್ವಾ, ಈ ಬಿಸಿಲಾಗ ಹಪ್ಪಳ ಜಲ್ದಿ ಒಣಗತಾವ. ನೀ ಏನ್ ಹಚ್ಚೀ, ಜಾಮ್ ಏನು?" ಎಂದು ಕಾಲೇಜಿಗೆ ಹೋಗುವ ಮಗಳು ನಕ್ಕಳು.

ನನಗೆ ಸಿಟ್ಟು ಬಂತು. ಹಸಿ ಜಾಗದ ಮೇಲೆ ಇನ್ನೊಮ್ಮೆ ಹೊಡೆದೆ. ಅಂಟು ಹೆಚ್ಚಾಯಿತು. ಬೆವರುಸಾಲೆಯ ಪೌಡರ್ ಉದುರಿಸಿದರೆ ಸರಿಹೋದೀತೆಂದು ಅದನ್ನೂ ಉದುರಿಸಿದೆ. ಒರಗುವ ಹಲಗೆಯ ಮೇಲೆ ಬಿಳಿಯ ತಲೆಯೊಂದು ಮೂಡಿತು. ಮಗಳ ನಗು ನಿಂತಿತು.

"ಇದನ್ನ ಅಜ್ಜಿಗೆ ತೋರಸಬ್ಯಾಡ," ಅಂದಳು.

ಶುಕ್ರವಾರ ಅಂಗಡಿ ತೆರೆಯುವ ಮುಂಚೆಯೇ ಹೋಗಿ ಬಾಗಿಲಲ್ಲಿ ನಿಂತೆ. ಮೊಬೈಲಿನಲ್ಲಿದ್ದ ಚಿತ್ರ ನೋಡಿ ಅಂಗಡಿಯವನು, "ತಾಈ, ತೇಲ್ ಲಗಾ ಥಾ ಕ್ಯಾ?" ಎಂದ. ಎಣ್ಣೆ ತಗುಲಿತ್ತೇ ಎಂದಷ್ಟೇ ಅವನು ಕೇಳಿದ್ದು. ಹೌದೆಂದು ತಲೆಯಾಡಿಸಿದೆ. ಎಣ್ಣೆಯ ಮೇಲೆ ಬಣ್ಣ ನಿಲ್ಲುವುದಿಲ್ಲ, ಬಿಸಿಲಿಗಿಟ್ಟರೆ ಒಳಗಿನ ಎಣ್ಣೆ ಇನ್ನೂ ಮೇಲೆ ಬರುತ್ತದೆ, ಥಿನ್ನರಿನಿಂದ ಬಣ್ಣವನ್ನೂ ಎಣ್ಣೆಯನ್ನೂ ತೆಗೆಯಿರಿ ಎಂದ.

ಎಣ್ಣೆ ಪೂರ್ತಿ ಹೋಗಲೇಬೇಕೇ ಎಂದು ಹಿಂದಿಯಲ್ಲಿ ಕೇಳಿದೆ. ಅವನು ಉತ್ತರ ಕೊಡುವ ಮುಂಚೆ ಇನ್ನೊಬ್ಬರಿಗೆ ಕುಂಚ ತೋರಿಸಿದ, ಚಿಲ್ಲರೆ ಕೊಟ್ಟ. ಅಷ್ಟು ಹೊತ್ತು ನಾನು ಗಲ್ಲೆಯ ಮೇಜಿನ ಅಂಚು ಹಿಡಿದು ನಿಂತಿದ್ದೆ.

"ಜಿತನಾ ನಿಕಲೇ ಉತನಾ ನಿಕಾಲೋ. ಬಾಕಿ ಚಪಡಾ ಸಂಭಾಲ್ ಲೇಗಾ." ಹೋದಷ್ಟು ಹೋಗಲಿ, ಉಳಿದದ್ದನ್ನು ಚಪಡಾ ನೋಡಿಕೊಳ್ಳುತ್ತದೆ ಎಂದ. ಚಪಡಾ ಎಂದರೆ ಅರಗಿನ ಪಾಲಿಶ್. ಅದನ್ನು ಹಚ್ಚಿದರೆ ಒಳಗಿನ ಎಣ್ಣೆ ಒಳಗೇ ನಿಲ್ಲುತ್ತದಂತೆ.

ಥಿನ್ನರ್, ಚಪಡಾ ಎರಡನ್ನೂ ತಂದು, ಕಿಟಕಿ ಬಾಗಿಲು ತೆರೆದು, ಒಲೆ ಹಚ್ಚದೆ, ವರಾಂಡದ ನೆರಳಿನಲ್ಲಿ ಕೂತೆ. ಮೊದಲು ಕುರ್ಚಿಯ ಕೈಗಳನ್ನು ಉಜ್ಜಿದೆ. ಬಣ್ಣವೂ ಪೌಡರೂ ಸೇರಿ ಕೆಸರಾಗಿ ಬಂತು. ತಲೆಯ ಜಾಗಕ್ಕೆ ಬಂದಾಗ ಮಗಳು, "ನಾ ಮಾಡ್ಲೇನವ್ವಾ?" ಎಂದಳು.

"ಬ್ಯಾಡ. ನೀ ದೂರ ನಿಂದ್ರು."

ಬಣ್ಣ ಹೋಯಿತು. ಇನ್ನೊಂದು ಬಟ್ಟೆ ತೆಗೆದುಕೊಂಡು ಒರೆಸಿದೆ. ಅದು ಹಳದಿಯಾಯಿತು. ಥಿನ್ನರಿನ ಘಾಟಿನ ಅಡಿಯಿಂದ ಒಂದು ಗಳಿಗೆ ಅವರ ತಲೆಯೆಣ್ಣೆಯ ವಾಸನೆ ಬಂತು. ಕೈ ಅಲ್ಲೇ ನಿಂತಿತು. ಮತ್ತೆ ಮೂಸಿದೆ. ಬರೀ ಥಿನ್ನರ್. ಎಲ್ಲವನ್ನೂ ಒರೆಸಿಬಿಟ್ಟೆನೇ ಎಂದು ಬಟ್ಟೆ ಕೆಳಗಿಟ್ಟೆ.

"ಅವ್ವಾ, ಐತಿ," ಎಂದಳು ಮಗಳು. "ಕಲೆ ಐತಿ, ನೋಡು."

ಇತ್ತು. ಮಸುಕಾಗಿತ್ತು, ಆದರೆ ಇತ್ತು.

ಉಪ್ಪುಕಾಗದದಿಂದ ಮೇಲೆ ಮೇಲೆ ತಿಕ್ಕಿ ಎರಡು ಸಲ ಚಪಡಾ ಹಚ್ಚಿದೆ. ಸಂಜೆಗೆ ಬೆರಳು ಒತ್ತಿದರೂ ಅಂಟಲಿಲ್ಲ. ಕುರ್ಚಿಯ ಕೈಗಳಿಗೆ ತೆಳ್ಳಗೆ ಬಣ್ಣ ಹೊಡೆದೆ. ಮಗಳು ಡಬ್ಬಿಯನ್ನು ಗಡಗಡ ಅಲುಗಾಡಿಸಿ, "ಇಲ್ಲಿಗೂ ಹೊಡೀಲೇನು?" ಎಂದು ತಲೆಯ ಜಾಗ ತೋರಿಸಿದಳು. ತಡಿ ಎಂದೆ. ಬೆಳಗಾದರೂ ಹೊಡಿ ಎನ್ನಲಾಗಲಿಲ್ಲ.

ಅತ್ತೆ ಬಂದವರು ಚೀಲವನ್ನೂ ಇಳಿಸದೆ ಕುರ್ಚಿಯ ಮುಂದೆ ನಿಂತರು. "ಎಲ್ಲಾ ಬಳದು ಇದೊಂದು ಯಾಕ ಬಿಟ್ಟೀ?"

ಅವರೇ ಕಲೆಯ ಮೇಲೆ ಕೈಯಿಟ್ಟು ಸವರಿದರು.

"ಸಣ್ಣಾಂವ ಇದ್ದಾಗ ನಾನೇ ತಲಿಗೆ ಎಣ್ಣಿ ಸುರೀತಿದ್ದೆ. ಒಂದ ದಿಂಬು ನೆಟ್ಟಗ ಉಳಿಸಲಿಲ್ಲ, ಹುಚ್ಚಪ್ಪ."

ಭಾನುವಾರ ಫೋಟೋವನ್ನು ಹಲಗೆಗೆ ಒರಗಿಸಿ ಇಟ್ಟೆ. ಅತ್ತೆ ಅದನ್ನು ತೆಗೆದು ಮುಂದಕ್ಕೆ, ಸೀಟಿನ ಒಂದು ಬದಿಗೆ ಇಟ್ಟರು.

"ಸರಸು," ಎಂದರು ನನ್ನ ಕಡೆ ತಿರುಗಿ. "ಆ ಕಲೆ ಮುಂದ ಏನೂ ಇಡಬ್ಯಾಡ."