ಗುಲಾಬಕ್ಕ ಮತ್ತು ಆಡಿನ ತೇಗು

ಆಡಿನ ಎಡಪಕ್ಕೆಗೆ ಕಿವಿಯಿಟ್ಟು ಕಣ್ಣು ಮುಚ್ಚಿ ಕೂರುವುದು ಗುಲಾಬಕ್ಕನ ಬೆಳಗಿನ ಮೊದಲ ಕೆಲಸ. ಹೊಟ್ಟೆಯೊಳಗೆ ಮೇವು ಹೊರಳುವ ಸದ್ದು ಸರಿಯಾಗಿ ಕೇಳಿಸಿದರೆ ಬೆನ್ನು ತಟ್ಟಿ ಮುಂದಿನ ಆಡಿಗೆ ಹೋಗುವಳು. ಕೇಳಿಸದಿದ್ದರೆ ನನಗೆ ಕರೆ ಬರುತ್ತಿತ್ತು. ನಾನು ಆಗ ನಾವುಂದದ ಹತ್ತಿರದ ಪಶು ಆಸ್ಪತ್ರೆಯಲ್ಲಿ ಸಹಾಯಕನಾಗಿದ್ದೆ. ಅವಳ ಮಟ್ಟಿಗೆ ಮಾತ್ರ ಡಾಕ್ಟ್ರು.

ಅವಳು ಮೊದಲಿನಿಂದಲೂ ಆಡು ಸಾಕಿದವಳಲ್ಲ. ಉಪ್ಪುಂದದ ಕಡಲ ದಂಡೆಯವಳು, ಮೀನಿನ ಬುಟ್ಟಿ ಹೊತ್ತು ಮನೆಮನೆ ತಿರುಗಿದವಳು. ಗಂಡ ಹೋದ ಕೆಲವೇ ವರ್ಷಕ್ಕೆ, ಒಂದು ಮಳೆಗಾಲ, ಕಡಲು ಅವಳ ಮನೆಯನ್ನೂ ತೆಗೆದುಕೊಂಡಿತು. ಮೊದಲು ತೆಂಗಿನ ಮರಗಳು, ಆಮೇಲೆ ಅಡುಗೆಮನೆಯ ಗೋಡೆ. ಸುತ್ತಲಿನ ಮರಳು ಕೊಚ್ಚಿಹೋಗಿ ಬಾವಿಯ ರಿಂಗುಗಳು ಮಾತ್ರ ನೀರಿನಲ್ಲಿ ನೆಟ್ಟಗೆ ನಿಂತಿದ್ದವಂತೆ. ಮುಂಬಯಿಯ ಕ್ಯಾಂಟೀನು ಬಿಟ್ಟು ಬಂದಿದ್ದ ತಮ್ಮ ವಾಸು ನಾವುಂದದ ಮೂಡು ದಿಕ್ಕಿನ ತನ್ನ ಗುಡ್ಡೆಯ ಜಾಗಕ್ಕೆ ಅಕ್ಕನನ್ನು ಕರೆದುಕೊಂಡ. ಆಡು ಸಾಕುವ ಯೋಚನೆ ಅವನದು, ದುಡಿಮೆ ಅವಳದು.

ಬ್ರಹ್ಮಾವರದಲ್ಲಿ ಆಡು ಸಾಕುವವರಿಗೆ ಒಂದು ತರಬೇತಿ ನಡೆದಾಗ ಅವಳನ್ನು ನಾನೇ ಕರೆದುಕೊಂಡು ಹೋಗಿದ್ದೆ. ಅಲ್ಲಿ ಒಬ್ಬ ಅಧಿಕಾರಿ, ಮೆಲುಕು ಹಾಕುವ ಪ್ರಾಣಿಗಳ ತೇಗಿನಲ್ಲಿ ಒಂದು ಅನಿಲ ಬರುತ್ತದೆ, ಅದು ಮೇಲೆ ಸೇರಿ ಭೂಮಿಯನ್ನು ಕಾಯಿಸುತ್ತದೆ, ಕಡಲು ಏರುವುದಕ್ಕೆ ಅದೂ ಒಂದು ಕಾರಣ ಎಂದರು. ಸಭೆ ನಕ್ಕಿತು. ಹಿಂದಿನ ಸಾಲಿನಲ್ಲಿ ಯಾರೋ ಬೇಕೆಂದೇ ದೊಡ್ಡದಾಗಿ ತೇಗಿದರು. ಗುಲಾಬಕ್ಕ ನಗಲಿಲ್ಲ. ಎದ್ದು ನಿಂತು, ನನ್ನ ಆಡುಗಳದ್ದೂ ಅದರಲ್ಲಿ ಸೇರುತ್ತದೆಯೇ ಎಂದು ಕೇಳಿದಳು. ಬಹಳ ಸಣ್ಣ ಪಾಲು ಅಮ್ಮ, ಆದರೆ ಸೇರುತ್ತದೆ ಎಂದರು ಅವರು.

ಮರಳುವಾಗ ಬಸ್ಸು ಕುಂದಾಪುರ ದಾಟಿದ ಮೇಲೂ ಅವಳು ಕಿಟಕಿಯಾಚೆ ಕಡಲ ಕಡೆಗೇ ನೋಡುತ್ತಿದ್ದಳು. ನಿನ್ನ ಮನೆ ಹೋದಾಗ ನಿನ್ನ ಹತ್ತಿರ ಒಂದು ಆಡೂ ಇರಲಿಲ್ಲವಲ್ಲ ಎಂದು ನಾನು ಸಮಾಧಾನ ಹೇಳಿದೆ.

"ಆಗ ಇರ್ಲಿಲ್ಲೆ ಡಾಕ್ಟ್ರೆ, ಈಗ ಇತ್ತಲೆ," ಎಂದಳು. "ಈಗ ಯಾರ್ ಮನಿ ಹೋತ್ತಿತ್ತೋ."



ಮಾರನೆಯ ವಾರದಿಂದಲೇ ಅವಳು ಹಟ್ಟಿಯನ್ನು ಬದಲಾಯಿಸತೊಡಗಿದಳು. ಗಬ್ಬ ನಿಲ್ಲದ ಮುದಿ ಆಡುಗಳನ್ನೂ, ತಿಂದಷ್ಟೂ ಸೊರಗುವವುಗಳನ್ನೂ ಮಾರಿಬಿಟ್ಟಳು. ಉಳಿದವಕ್ಕೆ ಜಂತಿನ ಔಷಧಿ ತಪ್ಪಿಸಲಿಲ್ಲ. ಬರೀ ಒಣಹುಲ್ಲಿನ ಬದಲು ಹಲಸಿನ ಸೊಪ್ಪು, ಬೇಲಿಯಲ್ಲಿ ಬೆಳೆಸಿದ ಗೊಬ್ಬರದ ಗಿಡವೆನ್ನುವ ಗ್ಲಿರಿಸಿಡಿಯದ ಸೊಪ್ಪು, ಒಂದು ಹಿಡಿ ಹಿಂಡಿ. ಗಟ್ಟಿಯಾದ ಕೆಲವೇ ಆಡುಗಳು ಬೇಗ ಬೆಳೆದು ಅವಳಿ ಮರಿ ಹಾಕಿದರೆ, ಬಡಕಲು ಹಿಂಡಿನಷ್ಟೇ ಹುಟ್ಟುವಳಿ ಕಡಿಮೆ ತೇಗಿನಲ್ಲಿ ಸಿಗುತ್ತದೆ ಎನ್ನುವುದು ತರಬೇತಿಯ ಪಾಠ. ಅವಳು ಅದನ್ನು ಹರಕೆಯಂತೆ ಹಿಡಿದಳು.

ವಾಸುವಿಗೆ ಇದು ಸೇರಲಿಲ್ಲ. ತುಂಬಿದ್ದ ಹಟ್ಟಿ ಅರ್ಧ ಖಾಲಿಯಾದದ್ದು ಅವನ ಕಣ್ಣಿಗೆ ಚುಚ್ಚುತ್ತಿತ್ತು. ಪೇಟೆಯಲ್ಲಿ ಜನ ತೇಗಿನ ಗುಲಾಬಿಯ ತಮ್ಮ ಎಂದು ಕರೆದಾಗ ಅವನು ಮನೆಗೆ ಬಂದು ಅಕ್ಕನ ಮೇಲೆ ಹರಿಹಾಯ್ದ. ಊರಲ್ಲಿ ಲಾರಿಗಳು ಓಡುತ್ತಿವೆ, ಕಾರ್ಖಾನೆಗಳು ಹೊಗೆ ಬಿಡುತ್ತಿವೆ, ನಿನ್ನ ನಾಲ್ಕು ಆಡಿನಿಂದ ಕಡಲು ನಿಲ್ಲುತ್ತದೆಯೇ ಎಂದ. ನಾನು ಜಗಲಿಯಲ್ಲಿ ಕೂತಿದ್ದೆ. ಅವಳು ಸೊಪ್ಪು ಕಟ್ಟುವುದನ್ನು ನಿಲ್ಲಿಸದೆ, "ನಿಲ್ಲತ್ತ್ ಅಂತ ನಾ ಎಲ್ ಹೇಳ್ದೆ? ನನ್ ಕೈಯಗ್ ಇಪ್ಪುದ್ ಇಷ್ಟೇ, ಅದನ್ ಮಾಡ್ತೆ," ಎಂದಳು.

ಆಮೇಲೆ ಗೋಬರ್ ಗ್ಯಾಸಿನ ಗುಂಡಿ ಬಂತು. ಹಟ್ಟಿಯ ಹಿಂದೆ ಮಳೆಗೆ ನೆನೆದು ಕೊಳೆಯುತ್ತಿದ್ದ ಹಿಕ್ಕೆಯ ರಾಶಿಯಿಂದಲೂ ಅದೇ ಅನಿಲ ಏಳುತ್ತದೆಂದು ತಿಳಿದ ಮೇಲೆ ಅವಳಿಗೆ ನೆಮ್ಮದಿಯಿರಲಿಲ್ಲ. ಹಿಕ್ಕೆಯನ್ನು ನೆನೆಹಾಕಿ, ಕಾಲಿನಿಂದ ತುಳಿದು, ಪಕ್ಕದ ಮನೆಯ ಸಗಣಿ ಬೆರೆಸಿ ಗುಂಡಿಗೆ ಬಿಡುತ್ತಿದ್ದಳು. ಒಲೆಯಲ್ಲಿ ಮೊದಲ ಸಲ ನೀಲಿ ಉರಿ ಬಂದ ದಿನ ನನಗೆ ಚಾ ಮಾಡಿಕೊಟ್ಟಳು. ಅವಳು ಬಾಯ್ತುಂಬ ನಕ್ಕದ್ದನ್ನು ನಾನು ಕಂಡದ್ದು ಅಂದು ಮಾತ್ರ. ವಾಸುವೂ ಆ ಚಾ ಕುಡಿದ. ಗುಂಡಿಗೆ ಯಾರೂ ಇಳಿಯಬಾರದು, ಒಳಗಿನ ವಿಷಗಾಳಿ ಮನುಷ್ಯನನ್ನು ಕೂಗಲೂ ಬಿಡದೆ ಕೆಡವುತ್ತದೆ ಎಂದು ಗುಂಡಿ ಕಟ್ಟಿದ ಮೇಸ್ತ್ರಿ ಹೇಳಿದ್ದನ್ನು ಅವಳು ತಮ್ಮನಿಗೆ ಆಗಾಗ ನೆನಪಿಸುತ್ತಿದ್ದಳು.

ಆಡಿನ ಹಿಕ್ಕೆ ಸುಲಭಕ್ಕೆ ಕರಗುವುದಿಲ್ಲ. ಎರಡು ವರ್ಷದಲ್ಲಿ ತಳದಲ್ಲಿ ಗಟ್ಟಿಕಟ್ಟಿ, ಗ್ಯಾಸು ಬರುವುದು ನಿಂತಿತು. ಅವಳು ಮೇಸ್ತ್ರಿಗೆ ಹೇಳಿಕಳಿಸಿ ಸೊಪ್ಪಿಗೆ ಹೋಗಿದ್ದಳು. ಅಕ್ಕ ಬರುವುದರೊಳಗೆ ಸರಿಮಾಡಿಬಿಡುತ್ತೇನೆಂದು ವಾಸು ಗುಂಡಿಯ ಚಪ್ಪಡಿ ಸರಿಸಿ, ಪಿಕಾಸು ಹಿಡಿದು ಇಳಿದ. ಬಹುಶಃ ಅದು ಅವನಿಗೆ ತಿಳಿದ ರಾಜಿಯ ರೀತಿ.

ಮುಂದಿನದನ್ನು ನಾನು ಪಕ್ಕದ ಮನೆಯವರಿಂದ ಕೇಳಿದ್ದು. ಸೊಪ್ಪಿನ ಹೊರೆ ಹೊತ್ತು ಬಂದವಳು ತೆರೆದ ಗುಂಡಿಯನ್ನು ನೋಡಿದಳು. ಒಳಗೆ ವಾಸು ಮುದುಡಿ ಬಿದ್ದಿದ್ದ. ಅವಳ ಕೂಗಿಗೆ ಓಡಿಬಂದವರು ಬಾವಿಯ ಹಗ್ಗವನ್ನೇನೋ ತಂದರು, ಇಳಿಯಲು ಯಾರಿಗೂ ಧೈರ್ಯ ಬರಲಿಲ್ಲ. ಮೇಸ್ತ್ರಿಯ ಮಾತು ಅವರಿಗೂ ಗೊತ್ತಿತ್ತು. ಅವಳು ಸೆರಗನ್ನು ಒದ್ದೆಮಾಡಿ ಮೂಗಿಗೆ ಬಿಗಿದಳು, ಹಗ್ಗದ ತುದಿ ಹಿಡಿದು ಇಳಿದಳು. ತಮ್ಮನ ಎದೆಗೆ ಹಗ್ಗ ಸುತ್ತಿ ಬಲವಾದ ಗಂಟು ಹಾಕಿ ಕೈ ಎತ್ತಿದಳು. ಮೇಲಿನವರು ಎಳೆದರು. ಅವನನ್ನು ಬಿಡಿಸಿ ಹಗ್ಗವನ್ನು ಮತ್ತೆ ಇಳಿಬಿಟ್ಟಾಗ ಅದನ್ನು ಹಿಡಿಯುವ ಕೈ ಏಳಲಿಲ್ಲ.

ವಾಸು ಕುಂದಾಪುರದ ಆಸ್ಪತ್ರೆಯಲ್ಲಿ ಕಣ್ಣುಬಿಟ್ಟ. ಅಷ್ಟರಲ್ಲಿ ಅಕ್ಕನ ಚಿತೆ ಆರಿತ್ತು.

ಕೆಲವು ತಿಂಗಳ ನಂತರ ಲಸಿಕೆ ಹಾಕಲು ಹೋದೆ. ಆಡುಗಳ ಸಂಖ್ಯೆಯನ್ನು ಅವನು ಹೆಚ್ಚಿಸಿರಲಿಲ್ಲ. ಮೇವಿನ ಕಟ್ಟೆಯಲ್ಲಿ ಹಲಸಿನ ಸೊಪ್ಪಿತ್ತು. ಗುಂಡಿಯನ್ನು ಮೇಸ್ತ್ರಿ ಮೇಲಿನಿಂದಲೇ ಶುಚಿಮಾಡಿ, ಬಾಯಿಗೆ ಕಬ್ಬಿಣದ ಜಾಲರಿ ಕೂರಿಸಿ ಕೊಟ್ಟಿದ್ದನಂತೆ. ಒಲೆ ಮತ್ತೆ ಉರಿಯುತ್ತಿತ್ತು. ಅದೆಲ್ಲ ನೋಡುತ್ತ ನಾನು ಒಂದೊಂದೇ ಆಡಿಗೆ ಲಸಿಕೆ ಹಾಕಿದೆ. ಕೊನೆಯ ಆಡನ್ನು ಹಿಡಿದು ನಿಂತಿದ್ದ ವಾಸು ತಾನಾಗಿಯೇ ಹೇಳಿದ:

"ಮೇಲೆ ಬಂದದ್ದ್ ನಂಗೊಂಚೂರೂ ನೆನಪಿಲ್ಲೆ. ಬೆನ್ನಿಗೆ ಅಕ್ಕನ್ ಕೈ ತಾಗಿದ್ದ್ ಮಾತ್ರ ಗೊತ್ತಿತ್ತ್. ಎಬ್ಸುಕ್ ಬಂದ್ಲ್ ಅಂದ್ಕಂಡೆ."